ಕಾಗದದ ಬಟ್ಟಲಲ್ಲಿ ಬೆಂದ ಕೇಕು

ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಬೀದಿಮೂಲೆಯ ಅಯ್ಯಂಗಾರ್ ಬೇಕರಿಗಳ ಮುಂದೆ ಜನ ಕೂಡುತ್ತಾರೆ. ಗಾಜಿನ ಕಪಾಟಿನಲ್ಲಿ ನೆರಿಗೆಯ ಕಾಗದವನ್ನುಟ್ಟ ಕಪ್ ಕೇಕುಗಳ ಸಾಲು. ಒಂದು ಲೋಟ ಚಹಾ, ಒಂದು ಕೇಕು. ಎಷ್ಟೋ ಮಂದಿಗೆ ಅದೇ ಉಪಾಹಾರ. ತಿಂದಾದ ಮೇಲೆ ಕಾಗದ ಮುದ್ದೆಯಾಗಿ ಬುಟ್ಟಿಗೆ ಬೀಳುತ್ತದೆ. ಅದಕ್ಕೂ ಒಂದು ಚರಿತ್ರೆಯುಂಟೆಂದು ಯಾರು ತಾನೇ ಎಣಿಸಿಯಾರು?

ಕೇಕಿನ ಹೆಸರು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಅಮೆರಿಕದಲ್ಲಿ. 1796ರಲ್ಲಿ ಅಮೀಲಿಯಾ ಸಿಮನ್ಸ್ ಎಂಬಾಕೆ ತನ್ನ ಪಾಕಪುಸ್ತಕದಲ್ಲಿ ಸಣ್ಣ ಬಟ್ಟಲುಗಳಲ್ಲಿ ಬೇಯಿಸುವ ಕೇಕನ್ನು ವಿವರಿಸಿದಳು. 1828ರಲ್ಲಿ ಎಲಿಜಾ ಲೆಸ್ಲಿ ‘ಕಪ್ ಕೇಕ್’ ಎಂಬ ಹೆಸರನ್ನೇ ಬಳಸಿದಳು. ಹಿಟ್ಟು, ಸಕ್ಕರೆಗಳನ್ನು ತೂಗದೆ ಬಟ್ಟಲಿನಿಂದ ಅಳೆಯುವ ಕ್ರಮಕ್ಕೂ ಆ ಹೆಸರು ಸಲ್ಲುತ್ತಿತ್ತು. ಇಂಗ್ಲೆಂಡಿನ ಗೃಹಿಣಿಯರು ಅದಕ್ಕೂ ಮೊದಲೇ ಒಣದ್ರಾಕ್ಷಿ ಬೆರೆಸಿದ ‘ಕ್ವೀನ್ ಕೇಕ್’ಗಳನ್ನು ಪುಟ್ಟ ತಗಡಿನ ಅಚ್ಚುಗಳಲ್ಲಿ ಬೇಯಿಸುತ್ತಿದ್ದರು. ಅನಂತರ ಬಂದದ್ದು ‘ಫೇರಿ ಕೇಕ್’.

ತಗಡಿನ ಅಚ್ಚಿನ ದೊಡ್ಡ ಪೀಡೆಯೆಂದರೆ ಅಂಟುವಿಕೆ. ಪ್ರತಿಯೊಂದಕ್ಕೂ ಬೆಣ್ಣೆ ಸವರಬೇಕು. ಸವರಿದರೂ ಕೇಕಿನ ತಳ ಅಚ್ಚಿನಲ್ಲೇ ಉಳಿಯುವುದುಂಟು. ದೊಡ್ಡ ಕೇಕಿನ ಬಳೆಯೊಳಗೆ ಬೆಣ್ಣೆ ಹಚ್ಚಿದ ಕಾಗದ ಹಾಸುವ ಪದ್ಧತಿ ಹಳೆಯದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಗಂಧಕಾಮ್ಲದಿಂದ ಸಂಸ್ಕರಿಸಿದ, ಜಿಡ್ಡನ್ನು ಹೀರದ ಗಟ್ಟಿ ಕಾಗದ ಬಂದಾಗ ಈ ಕಷ್ಟ ಬಹುಮಟ್ಟಿಗೆ ತೀರಿತು. ನೆರಿಗೆಯಿಟ್ಟು ಬಟ್ಟಲಾಗಿಸಿದ ಕಾಗದವು ಇಪ್ಪತ್ತನೆಯ ಶತಮಾನದಲ್ಲಿ ವ್ಯಾಪಿಸಿತು. ಕೇಕಿನ ತೇವ ಆರದಂತೆ ಕಾಯುವುದೂ, ತಿನ್ನುವವನ ಕೈ ಜಿಡ್ಡಾಗದಂತೆ ನೋಡುವುದೂ ಅದರದೇ ಕೆಲಸ.

ಇಲ್ಲಿ ಬರ್ಮಿಂಗ್‌ಹ್ಯಾಮಿನ ಔಷಧಿ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್‌ನನ್ನು ನೆನೆಯದಿರಲಾಗದು. ಆತನ ಪತ್ನಿಗೆ ಮೊಟ್ಟೆಯೂ ಒಗ್ಗದು, ಹುದುಗೂ ಒಗ್ಗದು. ಆಕೆಗಾಗಿ ಆತ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ, 1843ರಲ್ಲಿ ಬೇಕಿಂಗ್ ಪೌಡರನ್ನೂ ಸಿದ್ಧಪಡಿಸಿದ. ಹೆಂಡತಿಯ ಪಥ್ಯಕ್ಕಾಗಿ ಮಾಡಿದ ಪುಡಿಯು ಸಾವಿರಾರು ಮೈಲಿ ದೂರದ ಆಚಾರವಂತರ ಪಾಲಿಗೆ ಇಷ್ಟೊಂದು ಅನುಕೂಲವಾದೀತೆಂದು ಆತ ಕನಸಿನಲ್ಲಿಯೂ ಎಣಿಸಿರಲಾರ.

ಬೆಂಗಳೂರಿನ ಕಥೆಗೆ ಬರೋಣ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಸುಮಾರು 3,900 ಎಕರೆ ಭೂಮಿಯನ್ನು ಆಂಗ್ಲೋ-ಇಂಡಿಯನ್ನರ ನೆಲೆಗಾಗಿ ನೀಡಿದರು, ಡಿ. ಎಸ್. ವೈಟ್‌ನ ಹೆಸರಿನಿಂದ ಅದು ವೈಟ್‌ಫೀಲ್ಡ್ ಆಯಿತು. ಕ್ರಿಸ್‌ಮಸ್ ಬಂತೆಂದರೆ ಆ ಸಮಾಜದ ಮನೆಗಳಲ್ಲಿ ಕೇಕು ಬೇಯಲೇಬೇಕು. ಆದರೆ ಪೇಟೆಯ ಸಂಪ್ರದಾಯಸ್ಥರಿಗೆ ಕೇಕೆಂದರೆ ಮೊಟ್ಟೆ, ಮೊಟ್ಟೆಯೆಂದರೆ ಮೈಲಿಗೆ. ಈ ಗೋಡೆಯಲ್ಲಿ ಬಾಗಿಲು ತೆರೆದವರು ಎಚ್. ಎಸ್. ತಿರುಮಲಾಚಾರ್. ಚಿಕ್ಕಪೇಟೆಯಲ್ಲಿ ಸಿಹಿತಿನಿಸು ಮಾರುತ್ತಿದ್ದ ಅವರಿಗೆ ಆಂಗ್ಲ ಗಿರಾಕಿಯೊಬ್ಬನು ಬೇಕರಿ ವಿದ್ಯೆಯನ್ನು ಕಲಿಸಿದನೆಂದು ಹೇಳುತ್ತಾರೆ. 1898ರಲ್ಲಿ ಅವರು ಆರಂಭಿಸಿದ ಬಿ. ಬಿ. ಬೇಕರಿಯೇ ಅಯ್ಯಂಗಾರ್ ಬೇಕರಿಗಳ ಮೂಲವೆಂದು ಪ್ರತೀತಿ. ಹಾಸನದ ಕಡೆಯ ಬಂಧುಗಳು ಒಬ್ಬರ ಹಿಂದೊಬ್ಬರು ಬಂದು ಈ ಕಸುಬು ಕಲಿತರು. ಅನ್ಯರ ಅಡುಗೆಯನ್ನು ಮುಟ್ಟದ ಅಜ್ಜಿಯೂ ಅಯ್ಯಂಗಾರ್ ಎಂಬ ಫಲಕವನ್ನು ಕಂಡು ಮೊಮ್ಮಗನಿಗೆ ಕೇಕು ಕೊಡಿಸುವಂತಾಯಿತು. ಅಂದರೆ ಮಾರಾಟವಾದದ್ದು ಬರಿಯ ಕೇಕಲ್ಲ, ಒಂದು ನಂಬಿಕೆ.

ಆ ನಂಬಿಕೆಗೆ ಈಗ ಕೊಂಚ ಎಚ್ಚರ ಬೇಕು. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಅದೇ ಫಲಕದಡಿ ಬೇರೆ ಬೇರೆ ಜನ ಅಂಗಡಿ ನಡೆಸುತ್ತಾರೆ. ದುಡಿಮೆಯ ಬದುಕಿನಲ್ಲಿ ಅದು ತಪ್ಪಲ್ಲ. ಆದರೆ ಕೆಲವೆಡೆ ಮೊಟ್ಟೆಯೂ ಬಳಕೆಯಲ್ಲಿದೆ. ಕಾಗದದ ವಿಷಯದಲ್ಲಿಯೂ ಅಷ್ಟೇ: ಮುದ್ರಣದ ಶಾಯಿ ತಿನಿಸಿಗೆ ಇಳಿಯುವುದೆಂದು ಸುದ್ದಿಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು 2018ರ ನಿಯಮಗಳು ನಿಷೇಧಿಸಿವೆ. ಪೊಟ್ಟಣದ ಕೇಕಿನ ಮೇಲಾದರೆ ಹಸುರು ಅಥವಾ ಕಂದು ಗುರುತು ಇರುತ್ತದೆ. ಬಿಡಿಯಾಗಿ ಮಾರುವ ಕಪ್ ಕೇಕಿನ ಕಾಗದದ ಮೇಲೆ ಅಂಥದೇನೂ ಇರುವುದಿಲ್ಲ. ಮೊಟ್ಟೆ ವರ್ಜ್ಯವಾದವರು ಅಂಗಡಿಯವನನ್ನು ಬಾಯಿಬಿಟ್ಟು ಕೇಳಬೇಕಾದುದೇ.