ನಡತೆಗಿಂತ ಮೊದಲು ಎಣಿಕೆ

ಕ್ಯಾಲಿಫೋರ್ನಿಯದ ನಾಟ್ಸ್ ಬೆರಿ ಫಾರ್ಮ್ ವಿನೋದೋದ್ಯಾನದಲ್ಲಿ ಹ್ಯಾಲೋವೀನ್ ಕಾಲದ ಭೂತವೇಷದ ರಾತ್ರಿಗಳು 1973ರಲ್ಲಿ ಆರಂಭವಾದುವು. ಹದಿಹರೆಯದವರ ಜಗಳಗಳಾದ ಮೇಲೆ, 2022ರಲ್ಲಿ ಆ ಉದ್ಯಾನವು 18 ತುಂಬದವರೊಡನೆ ಹಿರಿಯರಿರಬೇಕೆಂಬ ನಿಯಮವನ್ನು ತಂದಿತು.

ಶಿಸ್ತು ಬೇಕು, ನಿಜ. ಆದರೆ ನೂಕುನುಗ್ಗಲು ಕೇವಲ ನಡತೆಯ ದೋಷವಲ್ಲ. ಒಂದು ಚದರ ಮೀಟರಿನಲ್ಲಿ 6-7 ಮಂದಿ ಸೇರಿದರೆ ಯಾರೂ ಸ್ವೇಚ್ಛೆಯಿಂದ ಚಲಿಸಲಾರರು; ಹಿಂದಿನವರ ಒತ್ತಡವು ದ್ರವದೊಳಗಿನ ಅಲೆಯಂತೆ ಮುಂದೆ ಸಾಗಿ, ಎದೆಯನ್ನು ಅದುಮಿ, ಉಸಿರು ಕಟ್ಟಿಸುತ್ತದೆ. ಸಭ್ಯನೂ ಅಲ್ಲಿ ಅಸಹಾಯಕನೇ. 2022ರ ಹ್ಯಾಲೋವೀನ್ ಸಂದರ್ಭದಲ್ಲಿ ಸೋಲ್ ನಗರದ ಇಕ್ಕಟ್ಟಾದ ಓಣಿಯೊಂದರಲ್ಲಿ 150ಕ್ಕೂ ಹೆಚ್ಚು ಮಂದಿ, ಬಹುತೇಕ ತರುಣರು, ಮಡಿದುದು ಹೀಗೆಯೇ.

ಆದುದರಿಂದ ಉದ್ಯಾನಗಳು ಸ್ಥಳದ ಅಳತೆಗೆ ತಕ್ಕಷ್ಟೇ ಟಿಕೆಟುಗಳನ್ನು ಮಾರಬೇಕು; ಕಿರಿದಾದ ದಾರಿಗಳನ್ನು ಏಕಮುಖವಾಗಿಸಬೇಕು. ಸಂದರ್ಶಕರ ನಡತೆಯನ್ನು ತಿದ್ದುವುದಕ್ಕೆ ಮೊದಲು ಅವರ ಸಂಖ್ಯೆಯನ್ನು ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ.