ಒಂದು ವರ್ಷದ ಬೆಲೆ, ನಾಲ್ಕು ವರ್ಷದ ಓದು: ಕಾಲೇಜು ಆಯ್ಕೆಯ ಕುರಿತು ಸಂಸೆ-ಕಳಸ ಸೀಮೆಯ ಪಾಲಕರಲ್ಲಿ ಒಂದು ವಿನಂತಿ



ದ್ವಿತೀಯ ಪಿಯುಸಿ ಮತ್ತು ಸಿಇಟಿ ಫಲಿತಾಂಶಗಳು ಪ್ರಕಟವಾಗಿವೆ. ಸಂಸೆ, ಕಳಸ, ಹೊರನಾಡು ಕಡೆಯಿಂದ ಶ್ರೀಮಠಕ್ಕೆ ಬರುವ ಸದ್ಭಕ್ತರು ಈ ದಿನಗಳಲ್ಲಿ ಕೇಳುವ ಮೊದಲ ಪ್ರಶ್ನೆ, ಮಗುವನ್ನು ಯಾವ ಕಾಲೇಜಿಗೆ ಸೇರಿಸಬೇಕು ಎಂಬುದು. ಈ ವರ್ಷ ಆ ಪ್ರಶ್ನೆಗೆ ಹೊಸದೊಂದು ಮುಖ ಬಂದಿದೆ. ಆದ್ದರಿಂದ ನಮಗೆ ತೋಚಿದ ನಾಲ್ಕು ಮಾತುಗಳನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಬ್ರೆಜಿಲ್ ಹಾಗೂ ವಿಯೆಟ್ನಾಂಗಳಲ್ಲಿ ಬರದಿಂದ ಫಸಲು ಕುಗ್ಗಿದ ಕಾರಣ 2024-25ರ ಹಂಗಾಮಿನಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ದೊರೆಯಿತು. ಸಣ್ಣ ಬೆಳೆಗಾರರ ಕೈಯಲ್ಲೂ ನಾಲ್ಕು ಕಾಸು ಉಳಿದಿರುವುದು ಸಂತೋಷದ ಸಂಗತಿ. ಆದರೆ ಅದೇ ಧೈರ್ಯದಿಂದ, ಸರ್ಕಾರಿ ಕೋಟಾದಲ್ಲಿ ಸೀಟು ಸಿಗದಿದ್ದರೂ ಚಿಂತೆಯಿಲ್ಲ, ಮ್ಯಾನೇಜ್‌ಮೆಂಟ್ ಸೀಟನ್ನೇ ಕೊಳ್ಳೋಣ ಎನ್ನುವ ಮಾತು ಮನೆಮನೆಯಲ್ಲಿ ಕೇಳಿಬರುತ್ತಿದೆ. ಇಲ್ಲಿ ಒಂದು ಎಚ್ಚರ ಅಗತ್ಯ. ಬೆಲೆ ಬಂದದ್ದು ಒಂದು ಹಂಗಾಮಿಗೆ. ಶುಲ್ಕ ಕಟ್ಟಬೇಕಾದದ್ದು ನಾಲ್ಕು ವರ್ಷ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದುದನ್ನೂ 2001-02ರ ಸುಮಾರಿಗೆ ಬೆಲೆ ನೆಲಕಚ್ಚಿದುದನ್ನೂ ಹಿರಿಯರು ಮರೆತಿರಲಾರರು. ಶುಲ್ಕ, ವಸತಿ, ಊಟ, ಪ್ರಯಾಣಗಳ ಒಟ್ಟು ಲೆಕ್ಕವನ್ನು ಸಾಧಾರಣ ವರ್ಷದ ಕಾಫಿ, ಮೆಣಸು, ಅಡಿಕೆಯ ಆದಾಯಕ್ಕೆ ಹೊಂದಿಸಿ ನೋಡಬೇಕು. ಆಗಲೂ ನಿಭಾಯಿಸಬಲ್ಲೆವು ಎನಿಸಿದರೆ ಮಾತ್ರ ಮುಂದುವರಿಯಬೇಕು.

ಎರಡನೆಯದು ವಿಷಯದ ಆಯ್ಕೆ. ನಮ್ಮ ನೆರೆಯ ಕುದುರೆಮುಖವೇ ಇದಕ್ಕೆ ಪಾಠ. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪನಿಯ ಕೆಲಸ ಎಂದೆಂದಿಗೂ ಇರುವಂಥದು ಎಂದೇ ಆ ಕಾಲದವರು ಭಾವಿಸಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು; ಗಿಜಿಗುಡುತ್ತಿದ್ದ ವಸಾಹತು ಬರಿದಾಯಿತು. ಇಂದು ಎಲ್ಲರ ದೃಷ್ಟಿ ಕಂಪ್ಯೂಟರ್ ಸೈನ್ಸ್ ಮೇಲಿದೆ. ಒಂದು ವಿಭಾಗದಲ್ಲಿ ಇಷ್ಟೇ ಸೀಟು ಎಂಬ ಮಿತಿಯನ್ನು ಎಐಸಿಟಿಇ 2024-25ರಿಂದ ಸಡಿಲಿಸಿದ ಮೇಲೆ ಆ ಸೀಟುಗಳು ಇನ್ನಷ್ಟು ಹೆಚ್ಚಿವೆ. ಗಣಿತದಲ್ಲಿ ನಿಜವಾದ ಒಲವುಳ್ಳ ಮಗು ಅದನ್ನು ಅವಶ್ಯ ಓದಲಿ. ನೆರೆಮನೆಯ ಹುಡುಗ ಸೇರಿದನೆಂಬ ಒಂದೇ ಕಾರಣಕ್ಕೆ ಬೇಡ.

ನಮ್ಮ ಸೀಮೆಯ ಅಡಿಕೆ ತೋಟಗಳನ್ನು ಎಲೆಚುಕ್ಕಿ ರೋಗ ಹೇಗೆ ಹಿಂಡುತ್ತಿದೆ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ. ಅದಕ್ಕೆ ಉತ್ತರ ಹುಡುಕುವವರು ನಮ್ಮ ಮಕ್ಕಳೇ ಏಕಾಗಬಾರದು? ಮೂಡಿಗೆರೆಯಲ್ಲಿ ತೋಟಗಾರಿಕಾ ಕಾಲೇಜು, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇವೆ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಕೃಷಿ ಸಂಬಂಧಿತ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಕೂಡ ಇದೆ. ತೋಟದ ಮನೆಯ ಮಗುವಿಗೆ ಇವು ಎರಡನೆಯ ದರ್ಜೆಯ ಆಯ್ಕೆಗಳಲ್ಲ.

ಕಾಲೇಜನ್ನು ಅಳೆಯುವುದು ಹೇಗೆ? ಜಾಹೀರಾತಿನ ದರ್ಜೆಯೊಂದೇ ಸಾಲದು. 2025ರ ಫೆಬ್ರುವರಿಯಲ್ಲಿ ನ್ಯಾಕ್ ಪರಿಶೀಲನಾ ತಂಡವೊಂದರ ಸದಸ್ಯರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು. ಆದ್ದರಿಂದ ತರಗತಿ ನಡೆಯುವ ಒಂದು ದಿನ ತಾವೇ ಹೋಗಿ ನೋಡಬೇಕು. ಕಾಯಂ ಅಧ್ಯಾಪಕರು ಎಷ್ಟು ಮಂದಿ? ಪ್ರಯೋಗಾಲಯದ ಉಪಕರಣಗಳು ಬಳಕೆಯಲ್ಲಿವೆಯೇ? ಗ್ರಂಥಾಲಯದಲ್ಲಿ ಓದುವವರಿದ್ದಾರೆಯೇ? ಅತಿ ಹೆಚ್ಚು ಸಂಬಳ ಒಬ್ಬನಿಗೆ ಎಷ್ಟು ಸಿಕ್ಕಿತು ಎಂದು ಕೇಳುವುದಕ್ಕಿಂತ, ಆ ವಿಭಾಗದ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂದು ಅಂತಿಮ ವರ್ಷದ ವಿದ್ಯಾರ್ಥಿಗಳನ್ನೇ ವಿಚಾರಿಸುವುದು ಲೇಸು. ರಸೀದಿಯಿಲ್ಲದೆ ಹಣ ಕೊಡಬಾರದು. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 1984ರಿಂದಲೇ ಇದೆ.

ಸೀಟಿನ ಪ್ರಕ್ರಿಯೆಯಲ್ಲಿ ಅಜಾಗರೂಕತೆಯಿಂದ ಆಗುವ ನಷ್ಟ ಸಣ್ಣದಲ್ಲ. ಹಳ್ಳಿಯಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿದವರಿಗೆ ಶೇ. 15, ಅಷ್ಟೂ ತರಗತಿಗಳನ್ನು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಸಿಇಟಿಯಲ್ಲಿದೆ. ಅದರ ಪ್ರಮಾಣಪತ್ರಗಳನ್ನು ಮೊದಲೇ ಪಡೆದಿರಬೇಕು. ಆಯ್ಕೆಗಳನ್ನು ದಾಖಲಿಸುವ ಕೆಲಸವನ್ನು ಸೈಬರ್ ಕೇಂದ್ರದವರ ಇಚ್ಛೆಗೆ ಬಿಡದೆ, ಮನೆಯಲ್ಲಿ ಕುಳಿತು ಕ್ರಮವಾಗಿ ಬರೆದುಕೊಂಡು ಹೋಗಬೇಕು. ಅಣಕು ಹಂಚಿಕೆಯ ನಂತರ ಕ್ರಮ ಬದಲಿಸಲು ಅವಕಾಶವಿರುತ್ತದೆ. ವಸತಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಡಿ ಮಾಸಿಕ ನೆರವು ಇದೆ. ಮಗನಿಗಾದರೆ ಮಂಗಳೂರು, ಮಗಳಿಗಾದರೆ ಸಮೀಪದ ಕಾಲೇಜೇ ಸಾಕು ಎಂಬ ಭೇದವನ್ನು ಶರಣರ ಮನೆಗಳಲ್ಲಿ ಕಾಣುವುದು ಶೋಭೆಯಲ್ಲ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ಕಾಲೇಜು ಸೇರಿದೊಡನೆ ಓದು ತಾನಾಗಿ ಬರುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್ ಕಠಿಣವೆನಿಸುವುದು ಸಹಜ. ಅದು ಬುದ್ಧಿಯ ಕೊರತೆಯಲ್ಲ, ಭಾಷೆಯ ರೂಢಿಯ ಕೊರತೆ. ಅಧ್ಯಾಪಕರನ್ನು ಕೇಳಲು ಸಂಕೋಚ ಬೇಡ. ದಿನಕ್ಕೆ ಒಂದು ಗಂಟೆ ಗ್ರಂಥಾಲಯದಲ್ಲಿ ಕಳೆಯಿರಿ. ಅನುತ್ತೀರ್ಣವಾದ ವಿಷಯವನ್ನು ಮನೆಯವರಿಂದ ಮುಚ್ಚಿಡಬೇಡಿ. ಶರಣರು ಹೇಳಿದ ಕಾಯಕ ನಿಮ್ಮ ಪಾಲಿಗೆ ಈಗ ಓದೇ ಆಗಿದೆ. ಹೆಸರಾಂತ ಕಾಲೇಜಿನಲ್ಲಿ ಕಾಲ ಕಳೆದವನಿಗಿಂತ ಸಾಮಾನ್ಯ ಕಾಲೇಜಿನಲ್ಲಿ ಶ್ರಮಿಸಿದವನೇ ಮುಂದೆ ಬರುತ್ತಾನೆ.

ಕೊನೆಯದಾಗಿ ಬೆಳೆಗಾರ ಬಂಧುಗಳಲ್ಲಿ ಒಂದು ಬಿನ್ನಹ. 1910ರಲ್ಲಿ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಬಿ.ಎಲ್.ಡಿ.ಇ. ಸಂಸ್ಥೆಯನ್ನೂ 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನೂ ಕಟ್ಟಿದ್ದು ತಮ್ಮ ಮನೆಯ ಮಕ್ಕಳಿಗಷ್ಟೇ ಅಲ್ಲ. ನಮ್ಮ ತೋಟಗಳ ಲೈನ್ ಮನೆಗಳಲ್ಲೂ ಪಿಯುಸಿ ಮುಗಿಸಿದ ಮಕ್ಕಳಿದ್ದಾರೆ. ಈ ವರ್ಷದ ಬೆಲೆಗೆ ಅವರ ತಂದೆತಾಯಿಯರ ಬೆವರೂ ಕಾರಣ. ಬಂದ ಹೆಚ್ಚುವರಿಯಲ್ಲಿ ಒಂದು ಪಾಲನ್ನು ಅಂಥ ಒಂದು ಮಗುವಿನ ಓದಿಗೆ, ಒಂದು ವರ್ಷಕ್ಕಲ್ಲ, ಪದವಿ ಮುಗಿಯುವವರೆಗೆ ತೆಗೆದಿಡೋಣ. ದಾಸೋಹಕ್ಕೆ ಇದಕ್ಕಿಂತ ಸಕಾಲ ಬೇರೊಂದಿಲ್ಲ ಎಂದು ನಾವು ಭಾವಿಸುತ್ತೇವೆ.