ರೇಡಿಯೋದ ಮುಳ್ಳು ಯಾರ ಕೈಯಲ್ಲಿ?

ಮಕ್ಕಳೇ, ನಿಮ್ಮೂರಿನ ಖಾನಾವಳಿಯವನು ಒಂದು ದಿನ ಬೆಳಿಗ್ಗೆ ಎದ್ದು, "ನಾಳೆಯಿಂದ ಜೋಳದ ರೊಟ್ಟಿ ಇಲ್ಲ, ಬರೀ ನೂಡಲ್ಸ್" ಎಂದು ಹಲಗೆಯ ಮೇಲೆ ಬರೆದು ತೂಗುಹಾಕಿದರೆ ಏನಾಗುತ್ತದೆ? ಕೆಲವರು ಜಗಳ ತೆಗೆಯುತ್ತಾರೆ. ಕೆಲವರು, ಅಂದರೆ ನಿಮ್ಮಂಥವರು, ಖುಷಿಪಡುತ್ತೀರಿ. ಬಹಳ ಜನ ಏನೂ ಮಾತಾಡದೆ ಎದುರಿನ ಖಾನಾವಳಿಗೆ ಹೋಗಿ ಕೂಡುತ್ತಾರೆ. ರೇಡಿಯೋ ಕೇಂದ್ರಗಳೂ ಒಮ್ಮೊಮ್ಮೆ ಹೀಗೆ ತಮ್ಮ ಹಾಡಿನ ಅಡಿಗೆ ಬದಲಿಸುತ್ತವೆ.

ನಮ್ಮ ಓಣಿಯ ಹುಡುಗನೊಬ್ಬ ಮೊನ್ನೆ ಕೇಳಿದ: "ಅಜ್ಜಾ, ಬೆಂಗಳೂರಾಗ ಎಫ್‌ಎಂ ಹಚ್ಚಿದ್ರ ಮೊದಲ ಬರೇ ಹಿಂದಿ, ಇಂಗ್ಲಿಷ್ ಹಾಡ ಬರ್ತಿದ್ವಂತ. ಖರೇನು?" ಖರೇ. ಆದರೆ ಆ ಕಥೆ ಹೇಳುವ ಮುಂಚೆ ಇನ್ನೂ ಹಳೆಯ ಕಥೆಯೊಂದಿದೆ. ಅದು ನಿಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿರುತ್ತದೆ, ಅವರನ್ನೂ ಹತ್ತಿರ ಕೂಡಿಸಿಕೊಂಡು ಓದಿರಿ.

1952ರಲ್ಲಿ ಬಿ.ವಿ. ಕೇಸ್ಕರ್ ಎಂಬುವರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾದರು. ಶಾಸ್ತ್ರೀಯ ಸಂಗೀತದ ಮೇಲೆ ಅವರಿಗೆ ಬಹಳ ಪ್ರೀತಿ, ಸಿನೆಮಾ ಹಾಡೆಂದರೆ ಅಷ್ಟೇ ಸಿಟ್ಟು. ಆಕಾಶವಾಣಿಯಲ್ಲಿ ಸಿನೆಮಾ ಹಾಡು ಕಡಿಮೆ ಮಾಡಿಸಿದರು. ಹಾಡು ಹಾಕಿದರೂ ಚಿತ್ರದ ಹೆಸರು ಹೇಳಬಾರದು, ಹೇಳಿದರೆ ಅದು ಜಾಹೀರಾತು ಆಗುತ್ತದೆ ಎಂದರು. ಸಿನೆಮಾದವರು ಸಿಟ್ಟಿಗೆದ್ದು, "ಹಾಗಾದರೆ ನಮ್ಮ ಹಾಡೇ ನಿಮಗೆ ಬೇಡ" ಎಂದು ಪರವಾನಗಿ ಹಿಂದೆ ತೆಗೆದುಕೊಂಡರು. ದೇಶದ ಆಕಾಶವಾಣಿಯಲ್ಲಿ ಸಿನೆಮಾ ಹಾಡು ಹೆಚ್ಚುಕಡಿಮೆ ನಿಂತೇಹೋಯಿತು.

ಜನ ಏನು ಮಾಡಿದರು? ರೇಡಿಯೋದ ಮುಳ್ಳು ತಿರುಗಿಸಿದರು. ಆಗ ರೇಡಿಯೋಕ್ಕೆ ಉದ್ದನೆಯ ಗಾಜಿನ ಪಟ್ಟಿ, ಅದರ ಹಿಂದೆ ಒಂದು ಕೆಂಪು ಮುಳ್ಳು ಇರುತ್ತಿತ್ತು. ಗುಂಡಿ ತಿರುವಿದರೆ ಮುಳ್ಳು ಸರಿಯುತ್ತಿತ್ತು. ಸರಿದ ಮುಳ್ಳು ಹೋಗಿ ನಿಂತದ್ದು ಸಮುದ್ರದಾಚೆಯ ರೇಡಿಯೋ ಸಿಲೋನ್ ಮೇಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕಾಗಿ ಹಾಕಿದ್ದ ಶಕ್ತಿಶಾಲಿ ಟ್ರಾನ್ಸ್‌ಮಿಟರ್ ಅವರ ಬಳಿ ಇತ್ತು. ಅದೇ 1952ರ ಕೊನೆಗೆ ಅಲ್ಲಿಂದ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಬುಧವಾರ ರಾತ್ರಿ 8 ಗಂಟೆ. ಬಿನಾಕಾ ಎಂದರೆ ಹಲ್ಲುಜ್ಜುವ ಪೇಸ್ಟು! ಬೇವಿನ ಕಡ್ಡಿ, ಇದ್ದಿಲಿನಲ್ಲಿ ಹಲ್ಲುಜ್ಜುತ್ತಿದ್ದ ನಮ್ಮ ಕಡೆಯ ಹಳ್ಳಿಗರ ಬಾಯಲ್ಲೂ ಅದರ ಹೆಸರು ಇತ್ತು.

ಐದು ವರ್ಷ ಹೀಗೇ ನಡೆಯಿತು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿ 'ವಿವಿಧ ಭಾರತಿ' ಎಂಬ ಹೊಸ ಸೇವೆ ಆರಂಭಿಸಿತು. ಸಿನೆಮಾ ಹಾಡು ಮರಳಿ ಮನೆಗೆ ಬಂತು. ಆಗಲೂ ಮಂತ್ರಿಗಳು ಕೇಸ್ಕರ್ ಅವರೇ.

ಅವರನ್ನು ಬರೀ ಬೈದರೆ ನ್ಯಾಯವಲ್ಲ. ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು ಅವರ ಕಾಲದಲ್ಲೇ. ರಾಜ ಮಹಾರಾಜರ ಆಶ್ರಯ ತಪ್ಪಿದ್ದ ಎಷ್ಟೋ ಗಾಯಕರಿಗೆ ಆಕಾಶವಾಣಿ ಅನ್ನ ಕೊಟ್ಟಿತು. 1950ರಲ್ಲಿ ಆರಂಭವಾದ ನಮ್ಮ ಧಾರವಾಡ ಕೇಂದ್ರಕ್ಕೆ ಮಲ್ಲಿಕಾರ್ಜುನ ಮನಸೂರರಂಥವರು ಸಂಗೀತ ಸಲಹೆಗಾರರಾಗಿದ್ದರು. ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತ ರೈತ ಟಿಕೆಟ್ಟಿಲ್ಲದೆ ಮನಸೂರರ ಗಾಯನ ಕೇಳುತ್ತಿದ್ದನೆಂದರೆ ಅದು ಸಣ್ಣ ಮಾತಲ್ಲ. ಆದರೆ ಒಳ್ಳೆಯದನ್ನು ಬಡಿಸುವುದು ಬೇರೆ, ಮತ್ತೊಂದನ್ನು ಎಲೆಯಿಂದ ಕಿತ್ತುಕೊಳ್ಳುವುದು ಬೇರೆ.

ಈಗ ಬೆಂಗಳೂರಿಗೆ ಬರೋಣ.

2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಆರಂಭವಾಯಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಅದು. ಮುಂಬೈ, ದಿಲ್ಲಿಗಿಂತ ಮುಂಚೆ ನಮ್ಮ ರಾಜಧಾನಿಗೆ ಆ ಮಾನ. ಆದರೆ ಗುಂಡಿ ಒತ್ತಿದರೆ ಬಹುಪಾಲು ಹಿಂದಿ ಮತ್ತು ಇಂಗ್ಲಿಷ್ ಹಾಡು. ಕನ್ನಡ ಉಪ್ಪಿನಕಾಯಿಯಷ್ಟು. ಕನ್ನಡ ಹಾಡು ಹಾಕಿದರೆ ಓದಿದವರು, ದುಡ್ಡಿದ್ದವರು ಕೇಳುವುದಿಲ್ಲ, ಅವರು ಕೇಳದಿದ್ದರೆ ಜಾಹೀರಾತು ಬರುವುದಿಲ್ಲ ಎಂಬ ಎಣಿಕೆ ಇದ್ದಿರಬೇಕು.

ಇಲ್ಲಿ ನಾನು ಸ್ವಲ್ಪ ಬ್ಯಾಂಕಿನವನ ಮಾತು ಆಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಗ ಖಾಸಗಿ ಕೇಂದ್ರಗಳು ಸರ್ಕಾರಕ್ಕೆ ಹರಾಜಿನಲ್ಲಿ ಗೊತ್ತಾದ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಲಾಭವಿರಲಿ ನಷ್ಟವಿರಲಿ, ಅದು ಪ್ರತಿ ವರ್ಷ ಶೇ. 15ರಷ್ಟು ಏರುತ್ತಿತ್ತು. ಮಕ್ಕಳೇ, ಪಾಟಿ ತೆಗೆಯಿರಿ. ಮೊದಲ ವರ್ಷ 100 ರೂಪಾಯಿ ಎಂದಿಟ್ಟುಕೊಳ್ಳಿ. ಎರಡನೇ ವರ್ಷ 115. ಮೂರನೇ ವರ್ಷ 130 ಅಲ್ಲ, 132 ರೂಪಾಯಿ 25 ಪೈಸೆ. ಯಾಕೆಂದರೆ ಏರಿದ್ದರ ಮೇಲೆ ಮತ್ತೆ ಏರಿಕೆ. ಹೀಗೆ ಮಾಡುತ್ತ ಹೋದರೆ ಆರನೇ ವರ್ಷಕ್ಕೆ 201 ದಾಟುತ್ತದೆ, ಅಂದರೆ ದುಪ್ಪಟ್ಟು. ಇಂಥ ಹೊರೆ ಹೊತ್ತವನು ಹೊಸ ಪ್ರಯೋಗಕ್ಕೆ ಕೈಹಾಕಲು ಹೆದರುತ್ತಾನೆ. 2005ರಲ್ಲಿ ಸರ್ಕಾರ ನಿಯಮ ಬದಲಿಸಿತು. ಒಮ್ಮೆ ಪ್ರವೇಶದ ಹಣ ಕಟ್ಟಿದ ಮೇಲೆ ವರ್ಷದ ಶುಲ್ಕ ಆದಾಯದ ಶೇ. 4ರ ಲೆಕ್ಕದಲ್ಲಿ ಎಂದಾಯಿತು. ಮರುವರ್ಷವೇ ಬೆಂಗಳೂರಿನಲ್ಲಿ ರೇಡಿಯೋ ಮಿರ್ಚಿ, ಬಿಗ್ ಎಫ್‌ಎಂ ಮುಂತಾದ ಕೇಂದ್ರಗಳು ಒಂದರ ಹಿಂದೊಂದು ತೆರೆದವು.

ಅಂಗಡಿ ಹೆಚ್ಚಾದ ಮೇಲೆ ಗಿರಾಕಿ ಯಾರು ಎಂದು ಹುಡುಕಲೇಬೇಕಲ್ಲ? ಹುಡುಕಿದರು. ದಿನವಿಡೀ ರೇಡಿಯೋ ಕೇಳುವವರು ಯಾರು? ಆಟೋ ಓಡಿಸುವವರು, ಕಿರಾಣಿ ಅಂಗಡಿಯವರು, ಅಡಿಗೆಮನೆಯ ತಾಯಂದಿರು, ಗ್ಯಾರೇಜಿನ ಹುಡುಗರು. ಅವರಿಗೆ ಬೇಕಾದದ್ದು ಕನ್ನಡ. ಕನ್ನಡ ಸಂಘಟನೆಗಳೂ ಎಫ್‌ಎಂನಲ್ಲಿ ಕನ್ನಡ ಹಾಡು ಬೇಕೆಂದು ದನಿ ಎತ್ತಿದ್ದವು. ಅಷ್ಟರಲ್ಲಿ 2006ರ ಡಿಸೆಂಬರ್ ಕೊನೆಗೆ 'ಮುಂಗಾರು ಮಳೆ' ಬಿಡುಗಡೆಯಾಯಿತು. ಮನೋಮೂರ್ತಿಯವರ ಸಂಗೀತದ ಆ ಹಾಡುಗಳನ್ನು ಕನ್ನಡ ಬಾರದವರೂ ಗುನುಗಿದರು. ಕನ್ನಡ ಹಾಕಿದರೆ ಯಾರೂ ಕೇಳುವುದಿಲ್ಲ ಎಂಬ ಮಾತನ್ನು ಆಮೇಲೆ ಯಾರೂ ಗಟ್ಟಿಯಾಗಿ ಆಡಲಿಲ್ಲ. ಹಿಂದಿಯಿಂದ ಶುರುಮಾಡಿದ್ದ ರೇಡಿಯೋ ಸಿಟಿಯೂ ಕನ್ನಡದ ಕೇಂದ್ರವಾಯಿತು.

ಇದು ಕನ್ನಡದ ಮೇಲಿನ ಪ್ರೀತಿಯಿಂದ ಆದದ್ದೋ? ನನಗೆ ಹಾಗನ್ನಿಸುವುದಿಲ್ಲ. ಇದು ಲೆಕ್ಕದಿಂದ ಆದದ್ದು. ಲೆಕ್ಕದಿಂದ ಬಂದರೂ ಕನ್ನಡ ಬಂತಲ್ಲ ಎಂದು ನನಗೆ ಸಂತೋಷವೇ. ಆದರೆ ಲೆಕ್ಕದಿಂದ ಬಂದದ್ದು ಲೆಕ್ಕದಿಂದಲೇ ಹೋಗಬಹುದು. ಅದೇ ಮಿರ್ಚಿ ಮುಂದೆ ಬೆಂಗಳೂರಿನಲ್ಲಿ ಹಿಂದಿ ಹಾಡಿಗೆಂದೇ ಇನ್ನೊಂದು ಕೇಂದ್ರ ತೆರೆಯಿತು, ಅದೂ ಲೆಕ್ಕವೇ.

ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಕುಟುಕುತ್ತದೆ. ಬೆಂಗಳೂರಿಗೆ ಹೋದಾಗ ಆಟೋದಲ್ಲಿ, ಮಗಳ ಮನೆಯ ಅಡಿಗೆಮನೆಯಲ್ಲಿ ಈ ಕೇಂದ್ರಗಳನ್ನು ಕೇಳಿದ್ದೇನೆ. ಕನ್ನಡ ಎಂದರೆ ಅಲ್ಲಿ ಸಿನೆಮಾ ಹಾಡು, ಅದರಲ್ಲೂ ಹೊಸ ಸಿನೆಮಾ ಹಾಡು. ನಮ್ಮ ಕಡೆಯ ಗೀಗೀ ಪದ, ಡೊಳ್ಳಿನ ಪದ, ಭಜನಾ ಪದ, ವಚನ ಗಾಯನ ನನ್ನ ಕಿವಿಗೆ ಬೀಳಲಿಲ್ಲ. ಮಾತಿನ ಧಾಟಿಯೂ ಬೆಂಗಳೂರಿನದೇ. ಡೊಳ್ಳಿನ ಪದದ ನಡುವೆ ಬಂಗಾರದ ಅಂಗಡಿಯವರು ಜಾಹೀರಾತು ಕೊಡುವುದಿಲ್ಲವೆಂದು ಅವರ ಲೆಕ್ಕವಿರಬಹುದು. ಹಾಗಾಗಿಯೇ ಜಾಹೀರಾತಿನ ಹಂಗಿಲ್ಲದ ರೇಡಿಯೋ ಒಂದು ಇರಲೇಬೇಕೆಂದು ನಾನು ವಾದಿಸುತ್ತೇನೆ. ಬೆಂಗಳೂರು ಆಕಾಶವಾಣಿ 2016ರ ಜನವರಿ 26ರಂದು 'ರಾಗಂ' ಎಂಬ ವಾಹಿನಿ ಆರಂಭಿಸಿತು. ಇಪ್ಪತ್ನಾಲ್ಕು ಗಂಟೆಯೂ ಹಿಂದೂಸ್ತಾನಿ, ಕರ್ನಾಟಕ ಸಂಗೀತ. ಎಫ್‌ಎಂ ಅಲೆ ಸುಮಾರು 50-60 ಕಿ.ಮೀ. ದಾಟಿದರೆ ಸೋಲುತ್ತದೆ, ಬೆಂಗಳೂರಿನ ಎಫ್‌ಎಂ ನಾಲತವಾಡಕ್ಕೆ ಬರುವ ಮಾತೇ ಇಲ್ಲ. ಆದರೆ ರಾಗಂ ಮೊಬೈಲಿನಲ್ಲಿ ಸಿಗುತ್ತದೆ. ಮೊಮ್ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯ ಫೋನಿಗೆ ಆಕಾಶವಾಣಿಯ ಆ್ಯಪ್ ಹಾಕಿಕೊಡಿರಿ, ಐದು ನಿಮಿಷದ ಕೆಲಸ.

ಈಗ ನಿಮಗೊಂದು ಆಟ. ನಗರಗಳಲ್ಲಿ ಯಾರು ಯಾವ ಕೇಂದ್ರ ಕೇಳುತ್ತಾರೆಂದು ತಿಳಿಯಲು 2007ರಿಂದ ಒಂದು ಸಮೀಕ್ಷೆ ನಡೆಯುತ್ತಿತ್ತು. ಬೆಂಗಳೂರೂ ಅದರಲ್ಲಿತ್ತು. ಯಂತ್ರವೇನಿಲ್ಲ, ಆಯ್ದ ಮನೆಗಳಿಗೆ ಒಂದು ಡೈರಿ ಕೊಡುತ್ತಿದ್ದರು. ಯಾವ ಹೊತ್ತಿಗೆ ಯಾವ ಕೇಂದ್ರ ಕೇಳಿದೆವೆಂದು ಮನೆಯವರು ಅದರಲ್ಲಿ ಬರೆಯಬೇಕು. ಅಷ್ಟು ದೊಡ್ಡ ಕೇಂದ್ರಗಳ ಹಣೆಬರಹ ಒಂದು ಪೆನ್ನಿನ ತುದಿಯಲ್ಲಿ! ನೀವೂ ಒಂದು ನೋಟಬುಕ್ಕಿನಲ್ಲಿ ನಾಲ್ಕು ಗೆರೆ ಎಳೆಯಿರಿ: ವೇಳೆ, ಹಾಡು, ಹಚ್ಚಿದವರು ಯಾರು, ಬದಲಿಸಿದವರು ಯಾರು. ರೇಡಿಯೋ ಇಲ್ಲದಿದ್ದರೆ ಟಿವಿ, ಮೊಬೈಲ್ ಯಾವುದಾದರೂ ನಡೆದೀತು. ಒಂದು ವಾರ ಬರೆದು ಕೊನೆಗೆ ಕೂಡಿಸಿರಿ. ಅಜ್ಜಿಗೆ ಬೇಕಾದ ಹಾಡು ವಾರದಲ್ಲಿ ಎಷ್ಟು ನಿಮಿಷ ಬಂತೆಂದು ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಕಳೆದ ವಾರ ಬರೆದೆವು. ಮೊಮ್ಮಗನದು 410 ನಿಮಿಷ, ನನ್ನದು 95, ಮನೆಯವಳದು ಬರೀ 20. ಆಕೆಗೆ ತೋರಿಸಿದೆ. "ಹಚ್ಚೂದು ನೀವು, ಬದಲಿಸೂದು ಅವ. ನನ್ನ ಕೈಗೆ ಕೊಟ್ಟೀರೇನು ಎಂದರ?" ಎಂದಳು. ಈ ವಾರ ರಿಮೋಟು ಆಕೆಯ ಸೆರಗಿನ ಗಂಟಿನಲ್ಲಿದೆ.